ಚೌಕ ಬಾಟಲಿಯ ತೀರ್ಥ

ಪಂಕಜಾ ಹೇಳಿದ್ದು ಬಾಟಲಿ ತೊಳೆಯಲು. ಅದರ ಜಾತಕ ಬರೆಯಲು ಅಲ್ಲ.

"ರೀ, ಅಮ್ಮನ್ನ ಮೆಟ್ರೋ ಸ್ಟೇಷನ್ನಿಂದ ಕರ್ಕೊಂಡು, ಹಾಗೇ ಫೋರ್ತ್ ಬ್ಲಾಕಲ್ಲಿ ಹೂವು ತಗೊಂಡು ಬರ್ತೀನಿ. ಅಷ್ಟರಲ್ಲಿ ತೀರ್ಥದ ಬಾಟ್ಲಿ ಹುಣಸೆಹಣ್ಣು ಹಾಕಿ ಉಜ್ಜಿಡಿ. ಒಡೆದುಗಿಡೆದೀರಾ, ಜೋಕೆ!"

ಜಯಸಿಂಹ ತೀರ್ಥವನ್ನು ಚೊಂಬಿಗೆ ಬಗ್ಗಿಸಿಟ್ಟು ಬಾಟಲಿಯನ್ನು ಸಿಂಕಿಗಿಳಿಸಿದ. ಕಡುಹಸಿರು ಗಾಜು, ಚೌಕಾಕಾರ. ಹೆಗಲು ಅಗಲ, ಬುಡ ಕಿರಿದು. ಗರಡಿಮನೆಯ ಪೈಲ್ವಾನನ ಮೈಕಟ್ಟು. ಮದುವೆಯಲ್ಲಿ ಅತ್ತೆ ಅನ್ನಪೂರ್ಣಮ್ಮ ಬೆಳ್ಳಿ ಬಟ್ಟಲಿಗಿಂತ ಹೆಚ್ಚು ಜೋಪಾನವಾಗಿ ಮಗಳ ಕೈಗಿಟ್ಟಿದ್ದರು. ಅಂದಿನಿಂದ ಬೆಳಿಗ್ಗೆ ಸ್ನಾನವಾದ ಕೂಡಲೇ ಪಂಕಜಾ ಅವನಿಗೊಂದು ಉದ್ಧರಣೆ ಕಾವೇರಿ ತೀರ್ಥ ಕೊಡುತ್ತಾಳೆ. ಅವನು ನುಂಗುವವರೆಗೂ ಎದುರೇ ನಿಂತು ನೋಡುತ್ತಾಳೆ. ಜಗಳವಾಡಿ ಮಾತು ಬಿಟ್ಟ ದಿನವೂ ಅದು ತಪ್ಪಿಲ್ಲ. ಮಕ್ಕಳ ಡಬ್ಬಿ, ಸ್ಕೂಲ್ ವ್ಯಾನು, ಬೆರಳೊತ್ತಿ ಹಾಜರಿ ಹಾಕುವ ಆಫೀಸು, ಇವುಗಳ ನಡುವೆ ಗಂಡ ಹೆಂಡತಿ ಮುಖಾಮುಖಿ ನಿಲ್ಲುವುದು ಆ ಒಂದು ಚಮಚದಷ್ಟು ಹೊತ್ತು ಮಾತ್ರ. ಜಯಸಿಂಹನ ಪಾಲಿಗೆ ಸಂಸಾರವೆಂದರೆ ಅದೇ.

ಉಜ್ಜುತ್ತಿದ್ದಂತೆ ತಳದ ಕೊಳೆ ಕಳಚಿ, ಉಬ್ಬಿದ ಅಕ್ಷರಗಳು ಬೆರಳಿಗೆ ಸಿಕ್ಕವು. ಅವನೊಳಗಿದ್ದ ಹುಡುಗ ಎದ್ದು ಕೂತ. ಬನಶಂಕರಿಯ ಪೆಟ್ಟಿಗೆ ಅಂಗಡಿಯಲ್ಲಿ ಗೋಲಿ ಸೋಡಾ ಬಾಟಲಿಯ ಕತ್ತಿನೊಳಗಿನ ಗೋಲಿಗಾಗಿ ಅತ್ತ ಹುಡುಗ. ಕಾಂಪೌಂಡರು ಕಾಗದ ಕತ್ತರಿಸಿ ಅಳತೆ ಪಟ್ಟಿ ಅಂಟಿಸಿದ ಮಿಕ್ಸ್‌ಚರ್ ಬಾಟಲಿಗಾಗಿ ಸುಳ್ಳು ಜ್ವರ ತಂದುಕೊಂಡ ಹುಡುಗ. ತಡೆಯದೆ ಮೇಲಿನ ಮನೆಯ ಶ್ರೀಕರನನ್ನು ಕೂಗಿದ. ಹಳೆಯ ವಸ್ತು ಎಂದರೆ ಶ್ರೀಕರ ಊಟ ಬಿಟ್ಟು ಬರುವವನು. ಭೂತಗನ್ನಡಿ ಹಿಡಿದೇ ಇಳಿದು ಬಂದ.

"ಗುರುವೇ! ಈ ಅಚ್ಚಿನ ಗೆರೆ ನೋಡು. ಕತ್ತಿನ ಹತ್ರಾನೇ ನಿಂತುಹೋಗಿದೆ. ಮಿಷಿನ್ ಬಾಟ್ಲಿಯಾಗಿದ್ರೆ ತುಟಿವರೆಗೂ ಬರ್ತಿತ್ತು. ಬಾಯಿ ಕೈಯಲ್ಲೇ ಕೂರ್ಸಿರೋದು! ಒಳಗೆ ಗುಳ್ಳೆ ನೋಡು, ದೋಸೆ ಹಿಟ್ಟಿನ ಥರ. ನೂರು ವರ್ಷಕ್ಕೆ ಮೋಸ ಇಲ್ಲ. ರಂಗೋಲಿ ಪುಡಿ ಕೊಡು."

ಪುಡಿ ಸವರಿದೊಡನೆ ತಳದ ಅಕ್ಷರಗಳು ಬೆಳ್ಳಗೆ ಎದ್ದು ನಿಂತವು. "ರಾಟರ್‌ಡ್ಯಾಮ್! ಹಾಲೆಂಡು ಗುರುವೇ, ಹಾಲೆಂಡು!"

ಜಯಸಿಂಹನ ಎದೆ ಉಬ್ಬಿತು. ಅಷ್ಟರಲ್ಲಿ ನೀರಿನ ಮೋಟರ್ ನೋಡಲು ಬಂದಿದ್ದ ಮನೆ ಮಾಲೀಕ, ಸಾರಕ್ಕಿಯ ಬೋರಣ್ಣ, ಕಿಟಕಿಯಲ್ಲಿ ಇಣುಕಿದ.

"ಅಯ್ಯೋ ಸಾಮಿ, ಚೌಕದ ಬುಡ್ಡಿ! ನಮ್ ತಾತ ದಂಡಿನ ಬಿಳಿ ದೊರೆಗಳ ಬಂಗ್ಲೆಗೆ ಹಾಲು ಹಾಕ್ತಿದ್ದ. ಖಾಲಿ ಬುಡ್ಡಿ ತಂದು ನಮ್ಮಜ್ಜಿಗೆ ಹಳ್ಳೆಣ್ಣೆ ಇಡಕ್ಕೆ ಕೊಡೋನು. ಪೆಟ್ಟಿಗೇಲಿ ಒತ್ತೊತ್ತಾಗಿ ಕೂರ್ಲಿ ಅಂತ ಚೌಕ ಮಾಡೋರಂತೆ. ಇದು ಜಿನ್ನಿನ ಬುಡ್ಡಿ ಕಣ್ ಸಾಮಿ! ನಿಮ್ಮನೇಲಿ ಯಾರು ಹಾಕ್ತಿದ್ದೋರು?"

ಬೋರಣ್ಣನ ಪಿಸುಮಾತು ಎದುರು ಮನೆಯ ತನಕ ಕೇಳುವಂಥದ್ದು. ಜಯಸಿಂಹ ಕಿಟಕಿಗೆ ಬೆನ್ನು ಹಾಕಿ ಬಾಟಲಿಯನ್ನು ಮರೆಮಾಡಿದ. ದೇವರ ಮುಂದಿಡುವ ಬಾಟಲಿ, ಹೆಂಡದ ಬಾಟಲಿ! ಇದು ಗೊತ್ತಾದರೆ ಅತ್ತೆ ನೀರು ಮುಟ್ಟುವರೇ? ಪಂಕಜಾ ಮತ್ತೆ ಆ ಚಮಚ ಹಿಡಿದು ಎದುರು ನಿಲ್ಲುವಳೇ?

"ಒಡೆದುಬಿಡು," ಶ್ರೀಕರ ಕಣ್ಣು ಮುಚ್ಚಿಕೊಂಡು ಹೇಳಿದ. "ಕೈ ಜಾರ್ತು ಅನ್ನು. ಒಂದು ದಿನ ಬೈತಾರೆ, ಅಷ್ಟೆ."

ಜಯಸಿಂಹ ದೇವರಿಗೆ ಕೈಮುಗಿದು ಬಾಟಲಿಯನ್ನು ಕೈಬಿಟ್ಟ. ಠಣ್! ಬಾಟಲಿ ಪೈಲ್ವಾನನಂತೆಯೇ ಎರಡು ಪಲ್ಟಿ ಹೊಡೆದು ಮಲಗಿತು. ಒಡೆದದ್ದು ನೆಲ.

"ನನ್ ಟೈಲ್ಸೂ!" ಬೋರಣ್ಣ ಬೊಬ್ಬೆ ಹೊಡೆದ.

ಆ ಹೊತ್ತಿಗೇ ಬಾಗಿಲಲ್ಲಿ ಮಲ್ಲಿಗೆಯ ವಾಸನೆ. ಪಂಕಜಾ, ಅವಳ ಹಿಂದೆ ಅನ್ನಪೂರ್ಣಮ್ಮ. ಒಡೆದ ನೆಲ, ಮಲಗಿದ ಬಾಟಲಿ, ಭೂತಗನ್ನಡಿ, ಕಿಟಕಿಯಲ್ಲಿ ಬೋರಣ್ಣ. ಇನ್ನು ಮುಚ್ಚಿಡುವುದೇನು? ಜಯಸಿಂಹ ಬಾಟಲಿ ಎತ್ತಿಕೊಂಡು ನಡುಗುವ ದನಿಯಲ್ಲಿ ಎಲ್ಲವನ್ನೂ ಒದರಿದ.

"ಅತ್ತೆ... ಇದು... ಜಿನ್ನಿನ ಬಾಟ್ಲಿಯಂತೆ."

"ಗೊತ್ತು," ಎಂದು ಅನ್ನಪೂರ್ಣಮ್ಮ ಕುರ್ಚಿ ಎಳೆದು ಕೂತರು. "ನಮ್ಮ ಯಜಮಾನರ ತಾತ ದಂಡಿನ ಕಚೇರೀಲಿ ಗುಮಾಸ್ತರು. ದೊರೆಗಳ ಸಹವಾಸ, ರುಚಿ ಹತ್ತಿತ್ತು. ಅಜ್ಜಿ ಬಲು ಗಟ್ಟಿಗಿತ್ತಿ. ಒಳಗಿದ್ದಿದ್ದನ್ನ ಮೋರಿಗೆ ಸುರಿದು, ಬಾಟ್ಲಿ ಬೂದೀಲಿ ತಿಕ್ಕಿ ತೀರ್ಥ ತುಂಬಿಟ್ರು. ಕೈ ಚಟಕ್ಕೆ ಅದೇ ಬಾಟ್ಲಿಗೆ ಹೋಗ್ಲಿ, ಬಾಯಿಗೆ ಮಾತ್ರ ಕಾವೇರಿ ಬೀಳ್ಲಿ ಅಂತ. ತಾತ ಬಿಟ್ಟೇಬಿಟ್ರು. ಆಮೇಲೆ ವಂಶದಲ್ಲಿ ಯಾವ ಗಂಡಸಿನ ಮೇಲೆ ಅನುಮಾನ ಬಂದ್ರೂ ಈ ಬಾಟ್ಲಿ ಅವರ ಮನೆಗೇ ಹೋಗೋದು."

ಬೋರಣ್ಣ ಕಣ್ಣೊರೆಸಿಕೊಂಡ. ಜಯಸಿಂಹನೂ ಬದುಕಿಕೊಂಡೆನೆಂದು ನಕ್ಕ. ನಗು ಅರ್ಧಕ್ಕೆ ನಿಂತಿತು.

"ಹಾಗಾದ್ರೆ ಅತ್ತೆ... ನನಗ್ಯಾಕೆ ಕೊಟ್ರಿ?"

ಪಂಕಜಾ ಹೂವಿನ ಪೊಟ್ಟಣವನ್ನು ಬಹಳ ಗಮನವಿಟ್ಟು ಬಿಚ್ಚತೊಡಗಿದಳು.

"ಈಗ್ಯಾಕೆ ಬಿಡಿ ಅಳಿಯಂದ್ರೇ. ಮದುವೆ ದಿನ ಕಾಶಿಯಾತ್ರೇಲಿ ನೀವು ತೂರಾಡಿದ್ದನ್ನ ಇಡೀ ಛತ್ರ ನೋಡ್ತು. ಛತ್ರಿ ಒಂದ್ಕಡೆ, ನೀವೊಂದ್ಕಡೆ."

"ಅತ್ತೆ! ಅದು ಮರದ ಪಾದುಕೆ! ಕಾಲಿಗೆ ದೊಡ್ಡದಾಗಿತ್ತು! ಬೆಳಿಗ್ಗೆಯಿಂದ ಉಪವಾಸ ಬೇರೆ! ನಾನು ಹುಟ್ಟಿದಾಗಿನಿಂದ ಒಂದು ತೊಟ್ಟೂ ಮುಟ್ಟಿಲ್ಲ!"

ಅನ್ನಪೂರ್ಣಮ್ಮ ಮಗಳ ಕಡೆ ತಿರುಗಿದರು. ಮುಖದಲ್ಲಿ ಸಂತೋಷ ಉಕ್ಕುತ್ತಿತ್ತು. "ಕೇಳಿದ್ಯೇನೇ? ಒಂದು ತೊಟ್ಟೂ ಮುಟ್ಟಿಲ್ವಂತೆ. ತೀರ್ಥ ಹಿಡಿದಿದೆ ಕಣೆ, ನಿಲ್ಲಿಸ್ಬೇಡ."

ಪಂಕಜಾ ಚೊಂಬಿನಿಂದ ತೀರ್ಥವನ್ನು ಬಾಟಲಿಗೆ ತುಂಬಿದಳು. ಉದ್ಧರಣೆ ಹಿಡಿದು ಎದುರು ನಿಂತಳು. ಅದೇ ನೋಟ. ಇಷ್ಟು ವರ್ಷ ಅವನು ಪ್ರೀತಿಯೆಂದುಕೊಂಡಿದ್ದ, ನುಂಗುವವರೆಗೂ ಕದಲದ ಅದೇ ನೋಟ. ಜಯಸಿಂಹ ಕೈಯೊಡ್ಡಿದ. ಕೈ ಇನ್ನೂ ಗಡಗಡ ನಡುಗುತ್ತಿತ್ತು.

ಅನ್ನಪೂರ್ಣಮ್ಮ ಕನ್ನಡಕ ಸರಿಮಾಡಿಕೊಂಡು ಆ ಕೈಯನ್ನೇ ನೋಡಿದರು.

"ಪಂಕಜಾ, ಇವತ್ತಿಂದ ಎರಡು ಕೊಡೇ."