ಹಲ್ಲಿನ ಪಟದಲ್ಲಿ ಸೊಂಟ ಕಂಡ ಡಾಕ್ಟರಮ್ಮ

ತಮ್ಮ ಕಸುಬು ಬಿಟ್ಟು ಪಕ್ಕದವರ ಕಸುಬಿಗೆ ಮೂಗು ತೂರಿಸುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈಯೆಲ್ಲ ಉರಿ. ಆಟೋದವನು ರಾಜಕೀಯ ಹೇಳಿದರೆ ಸಹಿಸಬಹುದು, ಹೇಗೂ ದಾರಿ ಸವೆಯಬೇಕಲ್ಲ. ಆದರೆ ಹಲ್ಲಿನ ಡಾಕ್ಟರು ಸೊಂಟದ ಮಾತೆತ್ತಿದರೆ?

ಹೋದ ತಿಂಗಳು ನನ್ನ ಹೆಂಡತಿ ರತ್ನಮ್ಮನಿಗೆ ದವಡೆ ಹಲ್ಲು ನೋವು. ಬಂಗಾರಪೇಟೆ ಪಕ್ಕದ ನಮ್ಮ ಹಳ್ಳಿಯಿಂದ ರಾಬರ್ಟ್‌ಸನ್‌ಪೇಟೆಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರಮ್ಮ ನನ್ನ ಮಗಳಿಗಿಂತ ಚಿಕ್ಕವಳು. ಹಲ್ಲು ಕೀಳುವ ಮುಂಚೆ ಇಡೀ ದವಡೆಯ ಎಕ್ಸ್-ರೇ ತೆಗೆಸಿ, ಕಂಪ್ಯೂಟರಿನ ಮೇಲೆ ಬೆರಳಿಟ್ಟು, "ಇಲ್ಲಿ ನೋಡಿ, ಕೆಳದವಡೆಯ ಅಂಚು ತುಂಬಾ ತೆಳ್ಳಗಿದೆ. ಬೇರೆ ಮೂಳೆಗಳೂ ಸವೆದಿರಬಹುದು. ಇದೊಂದರಿಂದ ಖಚಿತವಾಗಿ ಹೇಳೋಕಾಗಲ್ಲ, ಕೋಲಾರದಲ್ಲಿ ಸೊಂಟದ ಸ್ಕ್ಯಾನ್ ಮಾಡಿಸಿ. ಬಿದ್ದು ಮುರಿದುಕೊಂಡ ಮೇಲೆ ಕಷ್ಟ" ಎಂದಳು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದು ಇದಕ್ಕೇ ಇರಬೇಕು. ಅದೂ ಯಾರಿಗೆ? ನಾಲ್ಕು ಸೀಮೆಹಸು ಕಟ್ಟಿ, ಎರಡು ಹೊತ್ತೂ ಡೇರಿಗೆ ಕ್ಯಾನ್‌ಗಟ್ಟಲೆ ಹಾಲು ಹಾಕುವ ಮನೆಯ ಹೆಂಗಸಿಗೆ. "ನಮ್ದು ಆಲಿನ ಮನೆ ಕಣಮ್ಮಾ. ಮೂಳೆ ಸವೆಯೋದು ಪಾಕೀಟ್ ಆಲು ಕುಡಿಯೋರ್ಗೆ" ಎಂದು ಆ ಓದಿದ ಹುಡುಗಿಗೆ ಪುಕ್ಕಟೆ ಬುದ್ಧಿ ಹೇಳಿ ಬಂದೆ. ಸಂಜೆ ಡೇರಿಯ ಸಾಲಿನಲ್ಲಿ ಇದನ್ನೇ ಉಪ್ಪು ಖಾರ ಹಚ್ಚಿ ಹೇಳಿದಾಗ ಎಲ್ಲರೂ ನಕ್ಕರು. "ನಾಳೆ ಕಣ್ಣಿನ ಡಾಕ್ಟ್ರು ಮಂಡಿ ಸವೆದೈತೆ ಅಂತಾರೆ ಬಿಡಣ್ಣೋ" ಎಂದ ಒಬ್ಬ.

ನಗದೇ ಇದ್ದವಳು ರತ್ನಮ್ಮ ಒಬ್ಬಳೇ. ಮನೆಗೆ ಬಂದು ಕ್ಯಾನ್ ತೊಳೆಯುತ್ತಾ ಹೇಳಿದಳು: "ಡೇರಿ ಮಿಷನ್ನು ಒಂದು ಚಮಚ ನೋಡಿ ಕ್ಯಾನಿನ ಆಲೆಲ್ಲಾ ಎಂಗೈತೆ ಅಂತ ಏಳಿದ್ರೆ ನಂಬ್ತೀರ. ಗೌರಿ ಕರು ಆಕಿ ಬಿದ್ದಾಗ ಕ್ಯಾಲ್ಸಿಯಂ ಬಾಟ್ಲು ಏರ್ಸಿದ್ರಿ, ಅವತ್ನಿಂದ ದಿನಾ ಅದ್ಕೆ ಪುಡಿ ಕಲಸಿ ಇಡ್ತೀರ. ನಾನು ಲೋಟದ ತುಂಬ ಆಲು ಕುಡಿದಿದ್ದು ಬಾಣಂತನದಾಗೆ."

ಗೌರಿ ನಮ್ಮ ಹಸು. ರತ್ನಮ್ಮ ಹೇಳಿದ್ದು ಸುಳ್ಳಲ್ಲ. ಹಾಲಿನ ಮನೆಯ ಕಾಫಿ ಎಂಥದ್ದೆಂದು ನಿಮಗೆ ಗೊತ್ತಿರಲಾರದು. ಹಾಲೆಲ್ಲ ಡೇರಿಗೆ ಹೋದ ಮೇಲೆ ಕ್ಯಾನ್ ತೊಳೆದ ನೀರಿಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಕೋಲಾರಕ್ಕೆ ಹೋದೆವು. ಸೊಂಟದ ಮೂಳೆ ಸವೆದಿದೆ ಎಂದೇ ಸ್ಕ್ಯಾನಿನಲ್ಲಿ ಬಂತು. ಅಲ್ಲಿನ ಡಾಕ್ಟರು ಮಾತ್ರೆ ಬರೆದು, "ಮನೇಲಿ ಹಾಲು ಸಿಗುತ್ತಾ?" ಎಂದು ಕೇಳಿದರು. ಆ ಹೊತ್ತಿನಲ್ಲಿ ನನಗಾದ ನಾಚಿಕೆ ನನ್ನ ಶತ್ರುವಿಗೂ ಬೇಡ.

ಮರುದಿನ ಬೆಳಿಗ್ಗೆ ನಾನೇ ಹಾಲು ಕಾಯಿಸಿ, ದೊಡ್ಡ ಲೋಟದ ತುಂಬ ಹಾಕಿ ಅವಳ ಕೈಗಿಟ್ಟೆ. ಅವಳು ನಿಧಾನವಾಗಿ ಕುಡಿಯತೊಡಗಿದಳು. ಆಗ ನಾನು ಅವಳ ಮುಖ ನೋಡಬೇಕಿತ್ತು. ಆದರೆ ಲೋಟದಲ್ಲಿ ಇಳಿಯುತ್ತಿದ್ದ ಹಾಲನ್ನೇ ನೋಡುತ್ತಿದ್ದೆ. ಅವಳು ಅರ್ಧಕ್ಕೆ ನಿಲ್ಲಿಸಿ ಹೇಳಿದಳು:

"ಕಾಯ್ಸಿದ ಆಲು ಡೇರಿಯೋರು ತಗಳಲ್ಲ, ಸುಮ್ಕೆ ನೋಡ್ಬೇಡಿ."