ಸೇವಂತಿಗೆ ಸಾಬೂನಿನ ದಿಗ್ವಿಜಯ

ಹೇ ಬುದ್ಬುದಮಾಲಾಲಂಕೃತೆಯೇ, ಸಕಲಮಲಾಪಹಾರಿಣಿಯಾದ ನೊರೆಯೇ, ಕ್ಷಣಕಾಲ ಒಡೆಯದೆ ನಿಲ್ಲು. ಈ ಕಥೆ ಮುಗಿಯುವವರೆಗೆ ನನ್ನ ನಾಲಗೆಯ ಮೇಲೆ ಆಸೀನಳಾಗಿರು, ಕಹಿಯಾದರೂ ಸಹಿಸಿಕೊಳ್ಳುತ್ತೇನೆ.

ಅದು ಅಂಗಡಿಯ ಸಾಬೂನುಗಳು ಸಮಸ್ತ ಭೂಮಂಡಲದ ಬಚ್ಚಲುಗಳನ್ನು ಏಕಚ್ಛತ್ರಾಧಿಪತ್ಯದಿಂದ ಆಳುತ್ತಿದ್ದ ಯುಗ. ಮೂರು ಕೊಂಡರೆ ಒಂದು ಉಚಿತವೆಂಬ ಘೋಷಣೆಗೆ ಮನೆಮನೆಯೂ ತಲೆಬಾಗಿದ್ದ ಕಾಲ. ಅಂಥ ಕಾಲದಲ್ಲಿ, ನಾರಿಕೇಳವನಪರಿವೃತವಾದ ತಿಪಟೂರೆಂಬ ಪಟ್ಟಣದಲ್ಲಿ, ಮೋಟಾರ್ ವೈಂಡಿಂಗ್ ಅಂಗಡಿಯ ಷಡಕ್ಷರಿಯ ಧರ್ಮಪತ್ನಿಯೂ, ಉಲ್ಲನ್ನಿನ ತೋರಣಗಳ ನಿರ್ಮಾಣಧುರಂಧರೆಯೂ, ಖಾಲಿ ಬಾಟಲಿಗಳಿಗೆ ಬಣ್ಣ ಬಳಿದು ಅಮರತ್ವವನ್ನು ಕರುಣಿಸಿದವಳೂ ಆದ ಸರ್ವಮಂಗಳೆಯೆಂಬ ವೀರಾಂಗನೆಯಿದ್ದಳು. ಅವಳು ಮಾಡಿದ್ದೆಲ್ಲ ಶೋಕೇಸಿನಲ್ಲಿತ್ತು. ಅವಳ ದುಃಖವೂ ಅದೇ ಆಗಿತ್ತು.

ಯುದ್ಧಕಾರಣವನ್ನು ಹೇಳದೆ ಯುದ್ಧವನ್ನು ಹೇಳಬಾರದಷ್ಟೆ. ಒಂದು ಹಬ್ಬದೂಟದ ಪಂಕ್ತಿಯಲ್ಲಿ, ಎರಡು ಬೀದಿಯಾಚೆ ವಾಸವಾಗಿದ್ದ ಅವಳ ಓರಗಿತ್ತಿ, ಉಪ್ಪಿನಕಾಯಿಜಾಡಿಸಾಮ್ರಾಜ್ಯೇಶ್ವರಿಯಾದ ದಾಕ್ಷಾಯಿಣಿ, ಎಲೆಯ ಮುಂದೆ ವಿರಾಜಮಾನಳಾಗಿದ್ದಳು. ಇವಳು ಹಾಕಿದ ಉಪ್ಪಿನಕಾಯಿಯನ್ನು ಬಂಧುಬಳಗವೆಲ್ಲ ಜಾಡಿಯ ತಳ ಕೆರೆದು ತಿನ್ನುತ್ತಿದ್ದರು. ಗೋಡೆಯ ಮೇಲಿನ ಸರ್ವಮಂಗಳೆಯ ಹೊಸ ತೋರಣವನ್ನು ನೋಡುತ್ತ ದಾಕ್ಷಾಯಿಣಿ ಅತ್ತೆ ಚನ್ನಬಸಮ್ಮನ ಕಡೆ ತಿರುಗಿ ಒಂದು ಬಾಣವನ್ನು ಬಿಟ್ಟಳು.

“ನಮ್ ಮಂಗಳನ ಕೈ ಚಿನ್ನ ಕಣತ್ತೆ. ಏನ್ ಮಾಡಿದ್ರೂ ನೋಡಾಕ್ ಚೆಂದ. ಉಪಯೋಗಕ್ ಮಾತ್ರ ಕೇಳ್ಬ್ಯಾಡಿ.”

ಪಂಕ್ತಿ ನಕ್ಕಿತು. ಷಡಕ್ಷರಿಯೂ ನಕ್ಕ, ಅದು ಅವಳಿಗೆ ಹೆಚ್ಚು ನಾಟಿತು. ಆಗ ಸರ್ವಮಂಗಳೆಯ ಅಂತರಂಗದಲ್ಲಿ ಮೊಳಗಿದ ಪ್ರತಿಜ್ಞೆ ಇದು: “ಎಲೈ ಲವಣಾಮ್ಲಗರ್ವಿತೆಯೇ, ಕೇಳು! ಸೌಂದರ್ಯದಲ್ಲಿ ಪುಷ್ಪವನ್ನೂ, ಸೌರಭದಲ್ಲಿ ಸಂಪಿಗೆಯನ್ನೂ ಮೀರಿಸಿಯೂ, ಈ ವಂಶದ ಆಬಾಲವೃದ್ಧರು ದಿನನಿತ್ಯ ಬಳಸಿ ಬಳಸಿ ಸವೆಸಲೇಬೇಕಾದಂಥ ವಸ್ತುವೊಂದನ್ನು ನಾನು ಸೃಷ್ಟಿಸದಿದ್ದರೆ, ನನ್ನ ಈ ಕೈಗಳಿಗೆ ಬಳೆಗಳು ಭಾರ!” ಬಾಯಿಂದ ಹೊರಬಿದ್ದದ್ದು ಮಾತ್ರ, “ಅಕ್ಕ, ಇನ್ನೊಂಚೂರು ಪಾಯಸ ಹಾಕ್ಲಾ?” ಎಂಬ ಮಾತು.

ಬಳಸಿದಷ್ಟೂ ಸವೆಯುವ ವಸ್ತು ಯಾವುದೆಂದು ಅವಳು ಬಹಳ ಚಿಂತಿಸಿ, ಕೊನೆಗೆ ಸಾಬೂನೆಂದು ನಿಶ್ಚಯಿಸಿದಳು. ಅದರಲ್ಲೂ ಒಲೆಯ ಹಂಗಿಲ್ಲದ ಸಾಬೂನು. ಎಣ್ಣೆಗೆ ಕಾಸ್ಟಿಕ್ ಸೋಡಾದ ನೀರನ್ನು ಕೂಡಿಸಿ ಕಲಕಿದರೆ ತನ್ನ ಶಾಖದಿಂದ ತಾನೇ ಪಕ್ವವಾಗಿ, ತಿಂಗಳ ಕಾಲ ಒಣಗಿ ಸಿದ್ಧಿ ಪಡೆಯುವಂಥದು. ಮೊಬೈಲಿನಲ್ಲಿ ಗುರುಮುಖೇನ ವಿದ್ಯೆ ಲಭಿಸಿತು. ಗಂಡನ ಅಂಗಡಿಯಿಂದ ತಾಮ್ರದ ತಂತಿ ತೂಗುವ ತಕ್ಕಡಿ ಬಂತು. ಗಾಣದಿಂದ ಕೊಬ್ಬರಿ ಎಣ್ಣೆ ಬಂತು.

ಸಂಗ್ರಾಮದ ದಿನ ಅವಳು ಕವಚಧಾರಣೆ ಮಾಡಿದ ಬಗೆಯನ್ನು ಏನೆಂದು ಬಣ್ಣಿಸಲಿ! ಮೈಮೇಲೆ ಮಾವನವರ ಕಾಲದ ರೇನ್‌ಕೋಟು, ಕಣ್ಣಿಗೆ ಷಡಕ್ಷರಿಯ ವೆಲ್ಡಿಂಗ್ ಕನ್ನಡಕ, ಮೊಣಕೈವರೆಗೆ ಹಳದಿ ರಬ್ಬರಿನ ಗವಸು. ಹಾಲಿನವನು ಕಿಟಕಿಯಿಂದ ಈ ರೂಪವನ್ನು ಕಂಡು, ಕಾಸು ಕೇಳದೆ ಹಿಂದಿರುಗಿದ. ನೀರಿಗೆ ಸೋಡಾವನ್ನು ಸುರಿಯಬೇಕೇ ಹೊರತು ಸೋಡಾಕ್ಕೆ ನೀರನ್ನು ಸುರಿಯಬಾರದೆಂಬ ಯುದ್ಧಧರ್ಮವನ್ನು ಮೂರು ಸಲ ಜಪಿಸಿ, ಉಸಿರು ಬಿಗಿಹಿಡಿದು, ಅವಳು ಆ ಶ್ವೇತಚೂರ್ಣವನ್ನು ಸ್ಟೀಲ್ ಪಾತ್ರೆಯ ನೀರಿಗೆ ಇಳಿಸಿದಳು. ಬೆಂಕಿಯಿಲ್ಲದೆಯೇ ನೀರು ಕಾದು ಹೊಗೆಯಾಡಿತು. ಅದು ತಣಿದ ಮೇಲೆ ಎಣ್ಣೆಯೊಡನೆ ಬೆರೆಸಿ, ಘರ್ಘರಘೋಷಭಯಂಕರವಾದ ಮಿಕ್ಸಿಕಡ್ಡಿಯನ್ನು ನಡುವೆ ನೆಟ್ಟಳು; ದ್ರಾವಣವು ದೋಸೆಹಿಟ್ಟಿನ ಹದಕ್ಕೆ ಬಂತು. ಸಂಪಿಗೆಯ ಅತ್ತರು ಬಿದ್ದೊಡನೆ ಅಡಿಗೆಮನೆಯಲ್ಲಿ ಹಿಂದಿನ ದಿನದ ಸಾರಿನ ಘಮವು ಸೋತು ಓಡಿತು.

ಈಗ ಅಲಂಕಾರಪರ್ವ. ಬಿಳಿಯ ಹಿಟ್ಟನ್ನು ಕೇಕಿನ ಅಚ್ಚುಗಳಿಗೆ ಹೊಯ್ದು, ಅದರ ಮೇಲೆ ಹಳದಿ ಸೇವಂತಿಗೆ ಬಿಡಿಸುವುದು ಅವಳ ಸಂಕಲ್ಪವಾಗಿತ್ತು. ಪಕ್ಕಕ್ಕೆ ತೆಗೆದಿಟ್ಟ ಹಿಟ್ಟಿಗೆ ಶುದ್ಧ ಅರಿಶಿನವನ್ನು ಬೆರೆಸಿದಳು. ಬೆರೆಸಿದ್ದೇ ತಡ, ಅರಿಶಿನ ಕೆಂಪಾಯಿತು! ಎಣ್ಣೆಯೆಲ್ಲ ಹಾಳಾಯಿತೆಂದು ಅವಳು ಗವಸಿನ ಕೈಯನ್ನೇ ಹಣೆಗೆ ಒತ್ತಲು ಹೋಗಿ, ಗವಸಿಗೆ ಮೆತ್ತಿದ ಸೋಡಾ ನೆನಪಾಗಿ ಕೈ ಹಿಂತೆಗೆದಳು. ಬಾಗಿಲಲ್ಲಿ ಮೂಗಿಗೆ ಸೆರಗು ಹಿಡಿದು ನಿಂತಿದ್ದ ಚನ್ನಬಸಮ್ಮ ಮಾತ್ರ ನಿರ್ವಿಕಾರಳಾಗಿ, ಸುಣ್ಣ ಬಿದ್ದ ಆರತಿ ನೀರೂ ಹಿಂಗೇ ಕೆಂಪಾಗ್ತದೆ, ಶುಭವೇ ಬಿಡು ಎಂದು ಹೇಳಿ ಧಾರಾವಾಹಿ ನೋಡಲು ಹೋದಳು.

ಹಿಂದೆ ಸರಿಯುವವಳೇ ನಮ್ಮ ನಾಯಕಿ? ಸಾಸ್ ಬಾಟಲಿಯಿಂದ ಕೆಂಪನ್ನೇ ಸುತ್ತುಸುತ್ತಾಗಿ ಹೊಯ್ದು, ತೆಂಗಿನ ಕಡ್ಡಿಯಿಂದ ಒಳಗಿಂದ ಹೊರಕ್ಕೆ, ಹೊರಗಿಂದ ಒಳಕ್ಕೆ ಎಳೆಯುತ್ತ, ರಂಗೋಲಿಯಲ್ಲಿ ಪಳಗಿದ ಕೈಯಿಂದ ಒಂದೊಂದು ಅಚ್ಚಿನಲ್ಲೂ ಎಸಳು ಎಸಳಾಗಿ ಹೂ ಅರಳಿಸಿದಳು. ಮಾರನೆಯ ದಿನ ಅಚ್ಚಿನಿಂದ ಬಿಡಿಸಿಕೊಂಡು ಅಟ್ಟವನ್ನೇರಿ ತಪಸ್ಸಿಗೆ ಕೂತ ಆ ಸಾಬೂನುಗಳ ಹೂಗಳು ದಿನಗಳೆದಂತೆ ದಾಸವಾಳದ ಬಣ್ಣ ಬಿಟ್ಟು, ಚೆಂಡುಹೂವಿನ ಬಣ್ಣಕ್ಕೆ ಇಳಿದು, ತಿಂಗಳ ಕೊನೆಗೆ ಸಾಕ್ಷಾತ್ ಸೇವಂತಿಗೆಯಾದವು. ಅವಳು ದಿನವೂ ಏಣಿ ಹತ್ತಿ ನೋಡಿ ಬರುತ್ತಿದ್ದಳು. ಅಷ್ಟು ಚೆಲುವಾದದ್ದನ್ನು ತಾನು ಹಿಂದೆಂದೂ ಮಾಡಿರಲಿಲ್ಲವೆಂದು ಅವಳಿಗೇ ಅನ್ನಿಸಿತು.

ವಿತರಣೆಯಾಯಿತು. ಸ್ತುತಿಯ ಮಳೆಯೇ ಸುರಿಯಿತು. ಬಾಳೆಲೆಯ ಚೂರಿನಲ್ಲಿ ಸುತ್ತಿ ಕೊಟ್ಟ ಸಾಬೂನನ್ನು ಬಿಚ್ಚಿದವರೆಲ್ಲ ಮೂಸಿದರು, ಕಣ್ಣಿಗೊತ್ತಿಕೊಂಡರು, ಫೋಟೊ ತೆಗೆದರು. ವಾರ ಕಳೆದ ಮೇಲೆ, ತನ್ನ ಸೇನೆ ಎಲ್ಲೆಲ್ಲಿ ಕಾದಾಡುತ್ತಿದೆಯೆಂದು ಪರಿಶೀಲಿಸಲು ಸರ್ವಮಂಗಳೆ ಸ್ವತಃ ಹೊರಟಳು. ಅಕಟಕಟಾ! ಎದುರುಮನೆಯಲ್ಲಿ ಅದು ಶೋಕೇಸಿನಲ್ಲಿ ಹಿತ್ತಾಳೆ ನಂದಿಯ ಪಕ್ಕ ಕುಳಿತಿತ್ತು. ಅತ್ತೆಯವರದು, ಮಗಳು ಬಂದಾಗ ಕೊಡಲೆಂದು ಟ್ರಂಕಿನೊಳಗೆ ಬಂದಿಯಾಗಿತ್ತು. ದಾಕ್ಷಾಯಿಣಿಯ ಮನೆಯಲ್ಲಂತೂ ಬೀರು ತೆರೆದರೆ, ಧಾರೆಸೀರೆಯ ಮಡಿಕೆಯೊಳಗಿಂದ ಸಂಪಿಗೆಯ ಪರಿಮಳ ಬಂತು. ಒಂದೇ ಒಂದು ಸಾಬೂನೂ ನೀರು ಕಂಡಿರಲಿಲ್ಲ.

ಬೀರುವಿನ ಮುಂದೆ ಓರಗಿತ್ತಿಯರಿಬ್ಬರೂ ಎದುರುಬದುರಾದರು.

“ಅಕ್ಕ, ಅದು ಸೋಪು. ಸೀರೆ ಮಧ್ಯ ಇಡಾಕಲ್ಲ ನಾನ್ ಮಾಡಿದ್ದು,” ಎಂದಳು ಸರ್ವಮಂಗಳೆ.

ದಾಕ್ಷಾಯಿಣಿ ಅಣಕಿಸಲಿಲ್ಲ. “ಅಷ್ಟ್ ಚೆನ್ನಾಗಿರೋದ್ನ ನೀರಿಗ್ ಹಾಕಾಕೆ ಮನಸ್ ಬರ್ಬೇಕಲ್ಲ ಮಂಗಳ? ನಿನ್ನಾಣೆ, ಎರಡ್ ಸಲ ಬಚ್ಚಲಿಗ್ ತಗಂಡೋಗಿ ವಾಪಸ್ ತಂದಿಟ್ಟೆ. ಹೋಗ್ಲಿ, ನೀನ್ ಹಚ್ಕಂಡ್ಯಾ?”

ಬ್ರಹ್ಮಾಸ್ತ್ರ ಬೇರೆ ಬೇಕೇ? ವೀರಾಂಗನೆ ಮನೆಗೆ ಮರಳಿ, ತನ್ನ ಪಾಲಿನ ಸಾಬೂನನ್ನು ಕೈಗೆತ್ತಿಕೊಂಡು, ಹಿತ್ತಿಲ ಬಚ್ಚಲನ್ನು ಹೊಕ್ಕು ಅಗುಳಿ ಹಾಕಿದಳು. ಮಗ್ಗಿನಲ್ಲಿ ನೀರು ತುಂಬಿದಳು. ಸಾಬೂನಿನ ಮೇಲಿನ ಎಸಳುಗಳನ್ನು ನೋಡಿದಳು. ನಡುವಿನ ಒಂದು ಎಸಳು ಎಷ್ಟು ಸೊಗಸಾಗಿ ಬಾಗಿತ್ತೆಂದರೆ, ಇನ್ನೊಮ್ಮೆ ಎಳೆದರೆ ಅದು ಹಾಗೆ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಬಹಳ ಹೊತ್ತಿನ ಮೇಲೆ ಸಾಬೂನನ್ನು ಕಿಟಕಿಯ ಮೇಲಿಟ್ಟು, ಅಂಗಡಿಯ ಸೋಪು ಹಚ್ಚಿಕೊಂಡು ಸ್ನಾನ ಮುಗಿಸಿದಳು. ನಾಚಿಕೆಯಿಂದ ಅವಳಿಗೆ ಅಳು ಬಂತು. ತನ್ನ ಪ್ರತಿಜ್ಞೆಗೆ ಮೊದಲು ಬೆನ್ನು ತೋರಿದವಳು ತಾನೇ ಅಲ್ಲವೇ?

ಸಾಬೂನನ್ನು ಹಿಡಿದು ಹೊರಬರುತ್ತಿದ್ದಂತೆ, ಒಣಹಾಕಿದ ಸಂಡಿಗೆಗೆ ಕಾಗೆ ಬಂತೆಂದು ಅತ್ತೆ ಕೂಗಿದ್ದರಿಂದ, ಅದನ್ನು ನಲ್ಲಿಕಟ್ಟೆಯ ಮೇಲಿಟ್ಟು ಮಹಡಿಗೆ ಓಡಿದಳು. ಅಷ್ಟರಲ್ಲಿ, ಸುಟ್ಟ ಪಂಪ್‌ಸೆಟ್ಟನ್ನು ಬಿಚ್ಚಿ ಮೊಣಕೈವರೆಗೆ ಗ್ರೀಸುಲೇಪಿತಬಾಹುವಾದ ಷಡಕ್ಷರಿ ಊಟಕ್ಕೆ ಬಂದವನು, ನೇರ ಹಿತ್ತಿಲಿಗೆ ನಡೆದು, ಕಣ್ಣಿಗೆ ಬಿದ್ದ ಸಾಬೂನನ್ನು ಎತ್ತಿ ತಿಕ್ಕತೊಡಗಿದ. ಸ್ತುತಿ ಮಾಡಲಿಲ್ಲ, ಮೂಸಲಿಲ್ಲ, ಹೂವೆಂದು ಗಮನಿಸಲೂ ಇಲ್ಲ.

ಸರ್ವಮಂಗಳೆ ಮೆಟ್ಟಿಲಿಳಿದು ಬಂದು ನಿಂತಲ್ಲೇ ನಿಂತಳು. ಅವನ ಕೈಯಲ್ಲಿ ನೊರೆ ಮೊದಲು ಕಪ್ಪಾಗಿ, ಆಮೇಲೆ ಬೂದುಬಣ್ಣಕ್ಕೆ ತಿರುಗಿ, ಆಮೇಲೆ ಬೆಳ್ಳಗೆ ಏಳುತ್ತಿತ್ತು. ಹೊರಸುತ್ತಿನ ಎಸಳುಗಳೆಲ್ಲ ಕರಗಿ ಮೋರಿಯ ದಾರಿ ಹಿಡಿದಿದ್ದವು. ಅವಳಿಗೆ ಸಂಕಟವಾಯಿತು. ಜತೆಗೇ, ಹೇಳಿಕೊಳ್ಳಲಾಗದಂಥ ಒಂದು ಸಂತೋಷವೂ ಆಯಿತು.

“ಗ್ರೀಸ್ ಹೋಯ್ತೇನ್ರೀ?” ಎಂದು ಕೇಳಿದಳು.

ಅವನು ಕೈಗಳನ್ನು ಹಿಂದುಮುಂದಾಗಿ ತಿರುಗಿಸಿ ನೋಡಿಕೊಂಡ. “ಹೋಯ್ತು. ಉಗುರ್ ಸಂದೀಲಿ ಒಂಚೂರ್ ಉಳ್ಕಂಡೈತೆ. ಊಟಕ್ಕೇನ್ ಮಾಡಿದ್ದೀಯಾ?”

ಸರ್ವಮಂಗಳೆ ಕಟ್ಟೆಯ ಮೇಲಿದ್ದ ಸಾಬೂನನ್ನು ಎತ್ತಿಕೊಂಡಳು. ನಡುವಿನ ಆ ಬಾಗಿದ ಎಸಳು ಇನ್ನೂ ಉಳಿದಿತ್ತು. ಅದನ್ನೇ ಮೇಲುಮಾಡಿ ಗಂಡನ ಅಂಗೈಯಲ್ಲಿಟ್ಟಳು.

“ಸೊಪ್ಪಿನ್ ಸಾರು. ಇನ್ನೊಂದ್ಸಲ ಹಚ್ಚಿ ತಿಕ್ಕ್ರಿ,” ಎಂದು ಹೇಳಿ ನಲ್ಲಿಯನ್ನು ಜೋರಾಗಿ ತಿರುಗಿಸಿದಳು.