ಏಕಾಂತಯ್ಯನವರ ಕಬಡ್ಡಿ ಅಂಕಣ

ಏಕಾಂತಯ್ಯನವರಿಗೆ ಅವರ ತಂದೆ ಯಾವ ಗಳಿಗೆಯಲ್ಲಿ ಆ ಹೆಸರಿಟ್ಟರೋ, ನಲವತ್ತೆಂಟು ವರ್ಷಗಳಲ್ಲಿ ಅವರಿಗೆ ಸಿಗದೆ ಹೋದದ್ದು ಏಕಾಂತವೊಂದೇ. ಜಯನಗರದ ಬಾಡಿಗೆ ಮನೆಯ ವರಾಂಡದಲ್ಲಿ ಅವರು ಪೇಪರ್ ಬಿಡಿಸಿದರೆ ಸಾಕು, ಬೇಸಿಗೆ ರಜೆಯ ಹದಿನೆಂಟು ಮಕ್ಕಳು (ಸ್ವಂತದವು ಮೂರು, ಮಿಕ್ಕವು ಬೀದಿಯ ಕೊಡುಗೆ) ಅದರ ಕೆಳಗೆ ನುಸುಳಿ, ಮೇಲೆ ಹಾರಿ, ಒಮ್ಮೊಮ್ಮೆ ಸಂಪಾದಕೀಯವನ್ನು ಸೀಳಿಕೊಂಡೇ ಹೋಗುತ್ತಿದ್ದವು.

ಆದ್ದರಿಂದ ಎದುರಿನ ಖಾಲಿ ಸೈಟಿನಲ್ಲಿ ಏಳಲಿದ್ದ ಸ್ವಂತ ಮನೆಯ ನಕ್ಷೆಗೆ ಅವರು ಹಟ ಹಿಡಿದು ಒಂದು ಓದುವ ಕೋಣೆ ಸೇರಿಸಿದ್ದರು. ಒಂದು ಕಿಟಕಿ, ಒಂದು ಆರಾಮ ಕುರ್ಚಿ, ಒಳಗಿನಿಂದ ಎರಡು ಚಿಲಕ.

“ಎರಡ್ಯಾಕ್ರೀ?” ಎಂದು ಕೇಳಿದರು ಹೆಂಡತಿ ನೀಲಗಂಗಮ್ಮ.

“ಒಂದು ಮಕ್ಕಳಿಗೆ.”

“ಇನ್ನೊಂದು?”

ಏಕಾಂತಯ್ಯ ಕೆಮ್ಮಿದರು.

“ಹಬ್ಬಕ್ಕೆ ಹತ್ತು ಜನ ಹೆಂಗಸರು ಕೂತ್ಕೊಳ್ಳೋಕೆ ಹಾಲಿಲ್ಲ, ಇವರಿಗೆ ಓದೋಕೆ ಕೋಣೆ! ಎರಡನೇ ಪುಟಕ್ಕೇ ಗೊರಕೆ ಹೊಡೆಯೋರಿಗೆ ಚಿಲಕ ಬೇರೆ ಕೇಡು.”

ಕೋಣೆ ಏಳುವ ತನಕ ಕಾಯುವುದು ಹೇಗೆ? ಆಗ ಹೊಳೆಯಿತು ಆ ಮಹಾನ್ ಯೋಜನೆ. ಮಕ್ಕಳನ್ನು ಸಂಜೆ ಎರಡು ಗಂಟೆ ಶಿಸ್ತಿನಿಂದ ಕಬಡ್ಡಿ ಆಡಿಸಿ ಹಣ್ಣುಗಾಯಿ ನೀರುಗಾಯಿ ಮಾಡಿಬಿಟ್ಟರೆ, ಮಿಕ್ಕ ಹೊತ್ತು ವರಾಂಡ ನಿಶ್ಶಬ್ದ! ಏಕಾಂತಯ್ಯ ಚಿಕ್ಕಪೇಟೆಯಿಂದ ಹಿತ್ತಾಳೆಯ ಸೀಟಿ ತಂದರು. ಸುಣ್ಣದ ಪುಡಿಯಲ್ಲಿ ಸೈಟಿನ ಮೇಲೆ ಅಂಕಣ ಬರೆದರು. ಎರಡು ತಂಡಗಳಿಗೆ ‘ಶಾಂತಿ’, ‘ಸಂಯಮ’ ಎಂದು ನಾಮಕರಣ ಮಾಡಿದರು. ಮೊದಲ ಹತ್ತು ನಿಮಿಷದಲ್ಲೇ ಶಾಂತಿ ತಂಡದವನೊಬ್ಬ ಸಂಯಮ ತಂಡದವನ ಮೊಣಕೈ ಕಚ್ಚಿದ.

“ಸಾರ್, ಅವನು ಉಸಿರು ಬಿಟ್ಟ!”

“ಸುಳ್ಳು ಸಾರ್! ಅದು ಸೀನು!”

“ಸೀನೋವಾಗ ಉಸಿರು ಹೋಗಲ್ವಾ ಸಾರ್?”

ಸರ್ಕಾರಿ ಕಛೇರಿಯಲ್ಲಿ ಇಪ್ಪತ್ತು ವರ್ಷ ಎಂಥೆಂಥ ಕಡತಗಳನ್ನೋ ವಿಲೇವಾರಿ ಮಾಡಿದ ಹೆಡ್ ಕ್ಲರ್ಕ್ ಏಕಾಂತಯ್ಯ, ಈ ಸೀನಿನ ಬಗ್ಗೆ ತೀರ್ಪು ಕೊಡಲಾಗದೆ ಸುಮ್ಮನೆ ಸೀಟಿ ಊದಿದರು. ವಿಚಿತ್ರವೆಂದರೆ, ವಾರ ಕಳೆಯುವಷ್ಟರಲ್ಲಿ ಅವರಿಗೇ ಆಟದ ಹುಚ್ಚು ಹಿಡಿದು, ಪೇಪರು ಮಡಿಕೆ ಬಿಚ್ಚದೆ ಉಳಿಯತೊಡಗಿತು.

ಸೋಮವಾರ ಪಾಯ ತೋಡುವುದೆಂದು ನಿಶ್ಚಯವಾಗಿತ್ತು. ಗುದ್ದಲಿ ಪೂಜೆಯೂ ಮುಗಿದಿತ್ತು. ಜರಗನಹಳ್ಳಿಯ ಮೇಸ್ತ್ರಿ ಬೈರಣ್ಣ ಭಾನುವಾರ ಮಧ್ಯಾಹ್ನವೇ ಬಂದು (ಹೇಳಿದ ದಿನಕ್ಕಿಂತ ಮೊದಲೇ ಬಂದ ಮೇಸ್ತ್ರಿ ಭೂಮಂಡಲದಲ್ಲಿ ಅವನೊಬ್ಬನೇ) ನಕ್ಷೆಯ ಪ್ರಕಾರ ಸುಣ್ಣದ ಗೆರೆ ಎಳೆದು ಹೋದ. ಆಗ ಏಕಾಂತಯ್ಯ ಊಟ ಮುಗಿಸಿ ಗಾಢ ನಿದ್ರೆಯಲ್ಲಿದ್ದರು.

ನಾಲ್ಕು ಗಂಟೆಗೆ ಮೂವತ್ತಾರು ಪಾದಗಳು ಸೈಟಿಗೆ ನುಗ್ಗಿ ಹಳೆ ಗೆರೆ, ಹೊಸ ಗೆರೆ ಎಲ್ಲವನ್ನೂ ತುಳಿದುಹಾಕಿದವು. ಸಂಯಮ ತಂಡದ ನಾಯಕಿ ಜಯಶೀಲಾ ಕೂಗಿದಳು: “ಸಾರ್, ಗೆರೆ ಎಲ್ಲಾ ಅಳಿಸಿಹೋಗಿದೆ! ಶಾಂತಿಯವರು ಮೋಸ ಮಾಡ್ತಿದ್ದಾರೆ!”

ಏಕಾಂತಯ್ಯ ನೋಡಿದರು. ಕಲಸುಮೇಲೋಗರವಾದ ಸುಣ್ಣ. ತಮ್ಮ ಅಂಕಣವೇ ಹಾಳಾಯಿತೆಂದುಕೊಂಡು, ಅಳಿದುಳಿದದ್ದನ್ನು ಪೊರಕೆಯಿಂದ ಗುಡಿಸಿ, ಹಗ್ಗ ಹಿಡಿದು, ಮೂಲೆಗೆ ಮೊಳೆ ನೆಟ್ಟು, ದಪ್ಪನಾಗಿ ಗೆರೆ ಎಳೆದರು. ದೊಡ್ಡದೊಂದು ಚೌಕ, ನಟ್ಟನಡುವೆ ಒಂದು ಗೆರೆ. ಎದುರು ಮನೆಯ ಕಿಟಕಿಯಲ್ಲಿ ನೀಲಗಂಗಮ್ಮ ಸೊಪ್ಪು ಬಿಡಿಸುತ್ತಾ ಎಲ್ಲವನ್ನೂ ನೋಡುತ್ತಿದ್ದರು.

ಸೋಮವಾರ ಯಜಮಾನರು ಆಫೀಸಿಗೆ ಹೋದ ಮೇಲೆ ಬೈರಣ್ಣ ಆಳುಗಳೊಂದಿಗೆ ಬಂದು ತಲೆ ಕೆರೆದುಕೊಂಡ.

“ಅಮ್ಮಾವ್ರೇ, ಇದು ನಾ ಆಕಿದ್ ಗೆರೆ ಅಲ್ಲ. ಮುಂದ್ಗಡೆ ಒಂದೇ ದೊಡ್ ಆಲು ಆಯ್ತದೆ. ಸಾಮಿಗಳ ಓದೋ ಕ್ವಾಣೆನೇ ಇಲ್ವಲ್ಲಾ?”

ನೀಲಗಂಗಮ್ಮ ಒಂದು ಕ್ಷಣ, ಒಂದೇ ಕ್ಷಣ, ಯೋಚಿಸಿದರು.

“ನಿನ್ನೆ ಅವರೇ ಹಗ್ಗ ಹಿಡಿದು ಹಾಕಿದ್ದು ಬೈರಣ್ಣ. ಕಣ್ಣಾರೆ ನೋಡಿದ್ದೀನಿ. ತೋಡು.”

ಸಂಜೆ ಬಸ್ಸಿಳಿದ ಏಕಾಂತಯ್ಯನವರಿಗೆ ತಮ್ಮ ಅಂಕಣ ಸೊಂಟದುದ್ದ ಆಳದಲ್ಲಿ ಕಾಣಿಸಿತು. ಚರಂಡಿಯಂಥ ಪಾಯದೊಳಗೆ ಎರಡೂ ತಂಡಗಳು ಕಣ್ಣಾಮುಚ್ಚಾಲೆ ಆಡುತ್ತಿದ್ದವು.

“ಮುಚ್ಚು! ಈಗಲೇ ಮುಚ್ಚು ಬೈರಣ್ಣ!”

“ಉಂಟಾ ಸಾಮಿ! ಪೂಜೆ ಮಾಡಿ ತೋಡಿದ್ ಪಾಯ ಮುಚ್ಬಾರ್ದು. ಮನೆಗೇ ಒಳ್ಳೇದಲ್ಲ.”

“ನೀನಾದ್ರೂ ತಡೀಬಾರದಿತ್ತೇನೇ?”

“ನಿಮ್ಮ ಗೆರೆ ಮೀರೋಳಾ ನಾನು?” ಎಂದು ನೀಲಗಂಗಮ್ಮ ಕಾಫಿ ಲೋಟ ಕೈಗಿಟ್ಟರು. “ಒಂದಿಂಚು ಆಕಡೆ ಈಕಡೆ ಆಗದ ಹಾಗೆ ನಿಂತು ತೋಡಿಸಿದ್ದೀನಿ.”

ಮನೆ ಎದ್ದಿತು. ಹಬ್ಬಕ್ಕೆ ಹತ್ತಲ್ಲ, ಮೂವತ್ತು ಹೆಂಗಸರು ಹಾಲಿನಲ್ಲಿ ಕೂತರು. ಮಳೆ ಬಂದ ದಿನ ಅಲ್ಲೇ ಕಬಡ್ಡಿ. ಆರಾಮ ಕುರ್ಚಿ ಮಹಡಿ ಮೆಟ್ಟಿಲ ಕೆಳಗೆ ಸೇರಿತು. ಏಕಾಂತಯ್ಯ ಅಲ್ಲಿಂದಲೇ, ಪೇಪರ್ ತಲೆಕೆಳಗಾಗಿ ಹಿಡಿದದ್ದೂ ತಿಳಿಯದೆ, “ಕಾಲು ಹಿಡಿಯೋ, ಕಾಲು!” ಎಂದು ಕೂಗುತ್ತಾರೆ.

ಹಿತ್ತಾಳೆಯ ಸೀಟಿ ಈಗ ಅಡಿಗೆಮನೆಯ ಮೊಳೆಯಲ್ಲಿದೆ. ನೀಲಗಂಗಮ್ಮ ಒಂದು ಸಲ ಊದಿದರೆ ಕಾಫಿ ಸಿದ್ಧ, ಎರಡು ಸಲ ಊದಿದರೆ ಸೊಪ್ಪು ತರಬೇಕು. ಹದಿನೆಂಟು ಮಕ್ಕಳಲ್ಲಿ ಒಬ್ಬರೂ ಅದಕ್ಕೆ ಕಿವಿಗೊಡುವುದಿಲ್ಲ. ಕೈಚೀಲ ಹಿಡಿದು ತಟಕ್ಕನೆ ಎದ್ದು ನಿಲ್ಲುವವರು ಮನೆಗೆಲ್ಲ ಒಬ್ಬರೇ.